ಹದಿನೇಳು ಮೆಟ್ಟಿಲಿನ ಆಚೆಯ ಡಾಕ್ಟರು

ನನ್ನ ಚಿಕ್ಕಮ್ಮನಿಗೆ ಈಗ ಐವತ್ತೊಂಬತ್ತು. ಎರಡು ವರ್ಷದ ಮಗುವಾಗಿದ್ದಾಗ ಬಂದ ಪೋಲಿಯೊ ಬಲಗಾಲಿನ ಕಸುವನ್ನೆಲ್ಲ ಹೀರಿಕೊಂಡು ಹೋಯಿತು. ಅಂದಿನಿಂದ ಕಾಲಿಗೆ ಕ್ಯಾಲಿಪರ್, ಕಂಕುಳಿಗೆ ಊರುಗೋಲು. ಬ್ಲೌಸ್ ಹೊಲಿದು ಇಬ್ಬರು ಮಕ್ಕಳನ್ನು ಓದಿಸಿದ್ದಾರೆ. ಹಿಂದಿನ ಚಕ್ರದ ಎರಡು ಬದಿಗೂ ಗಾಲಿ ಜೋಡಿಸಿದ ಸ್ಕೂಟರಿನಲ್ಲಿ ಸಂತೆಗೆ, ಬ್ಯಾಂಕಿಗೆ, ಮದುವೆ ಮನೆಗೆ ಒಬ್ಬರೇ ಹೋಗಿ ಬರುತ್ತಾರೆ. ಊರಿನಲ್ಲಿ ಅವರಿಗೆ ಒಬ್ಬರೇ ಹೋಗಲಾಗದಿದ್ದ ಜಾಗ ಒಂದೇ. ಅದು ಡಾಕ್ಟರ ಷಾಪು.

ಷಾಪು ಇದ್ದದ್ದು ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿ. ಹದಿನೇಳು ಮೆಟ್ಟಿಲು. ಕಿರಿದು, ಕಡಿದು, ಒಂದು ಕಡೆ ಗೋಡೆ, ಇನ್ನೊಂದು ಕಡೆ ಹಿಡಿಯಲು ಕಂಬಿಯೂ ಇಲ್ಲ. ಡಾಕ್ಟರು ಬಹಳ ಒಳ್ಳೆಯವರು. ಚಿಕ್ಕಮ್ಮ ಬಂದಿದ್ದಾರೆ ಎಂದು ಕಾಂಪೌಂಡರ್ ಹೋಗಿ ಹೇಳಿದರೆ, ಮೇಲೆ ಎಷ್ಟೇ ಜನ ಕಾಯುತ್ತಿದ್ದರೂ ಸ್ಟೆತಾಸ್ಕೋಪನ್ನು ಕೊರಳಿಗೆ ಹಾಕಿಕೊಂಡು ತಾವೇ ಇಳಿದು ಬರುತ್ತಿದ್ದರು. ಚಿಕ್ಕಮ್ಮ ಸ್ಕೂಟರಿನ ಮೇಲೆ ಕೂತಂತೆಯೇ ನಾಡಿ ಹಿಡಿದು, ಬಿಪಿ ನೋಡಿ, ಚೀಟಿ ಬರೆದುಕೊಡುತ್ತಿದ್ದರು. ಎಷ್ಟೋ ಸಲ ಫೀಸನ್ನೂ ಮುಟ್ಟುತ್ತಿರಲಿಲ್ಲ. ಇಂಥ ಡಾಕ್ಟರು ಇನ್ನೆಲ್ಲಿ ಸಿಕ್ಕಾರು ಎಂದು ಮನೆಮಂದಿಯೆಲ್ಲ ಹೊಗಳುತ್ತಿದ್ದೆವು.

ಒಂದು ಮಳೆಗಾಲದಲ್ಲಿ ಚಿಕ್ಕಮ್ಮನಿಗೆ ಗಡಗಡ ನಡುಗಿಸುವ ಚಳಿಜ್ವರ ಬಂತು, ಜೊತೆಗೆ ಸೊಂಟದ ಪಕ್ಕದಲ್ಲಿ ತಡೆಯಲಾರದ ನೋವು. ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಮೂತ್ರದ ಸೋಂಕು ಕಿಡ್ನಿಯವರೆಗೆ ಏರಿದೆ ಎಂದರು. ಉರಿ ಎಷ್ಟು ದಿನದಿಂದ ಇತ್ತು ಎಂದು ನರ್ಸ್ ಕೇಳಿದಾಗ ಚಿಕ್ಕಮ್ಮ ಗೋಡೆಯ ಕಡೆ ಮುಖ ಮಾಡಿ, ಮೂರು ವಾರ ಅಂದರು. ಆ ಮೂರು ವಾರದಲ್ಲಿ ಅವರು ಎರಡು ಸಲ ನಮ್ಮ ಡಾಕ್ಟರನ್ನು ಕಂಡಿದ್ದರು. ಎರಡು ಸಲವೂ ಮಂಡಿನೋವು ಎಂದಷ್ಟೇ ಹೇಳಿ, ಮುಲಾಮು ಬರೆಸಿಕೊಂಡು ಬಂದಿದ್ದರು.

"ಹೇಳ್ಬಾರ್ದಿತ್ತಾ ಚಿಕ್ಕಮ್ಮ?" ಅಂದೆ.

"ಎಲ್ಲಿ ಹೇಳ್ಲಪ್ಪ? ರೋಡಲ್ಲಿ ಹೇಳ್ಲಾ? ಈ ಕಡೆ ಮೆಡಿಕಲ್ ಸ್ಟೋರ್ ಹುಡುಗ್ರು, ಆ ಕಡೆ ಎಳನೀರು ಮಾರೋನು. ಪಕ್ಕದಲ್ಲಿ ನೀನು."

ಆ ಮಾತು ಕೇಳಿದ ಮೇಲೆ ಆಸ್ಪತ್ರೆಗಳ ಮೆಟ್ಟಿಲುಗಳನ್ನು ನಾನು ಮೊದಲಿನ ಹಾಗೆ ನೋಡಲಾಗಿಲ್ಲ. ಡಾಕ್ಟರ ಒಳ್ಳೆಯತನದಲ್ಲಿ ಕೊರತೆ ಇರಲಿಲ್ಲ. ಆದರೆ ಬೇರೆ ರೋಗಿಗಳಿಗೆಲ್ಲ ಹದಿನೇಳು ಮೆಟ್ಟಿಲಿನ ಮೇಲೆ ಸಿಗುತ್ತಿದ್ದದ್ದು ಬರೀ ಔಷಧಿಯ ಚೀಟಿಯಲ್ಲ. ಒಂದು ಕೋಣೆ, ಒಂದು ಪರದೆ, ಮುಚ್ಚಿದ ಬಾಗಿಲು, ಕೂತು ಹೇಳಿಕೊಳ್ಳಲು ಐದು ನಿಮಿಷ. ಚಿಕ್ಕಮ್ಮನಿಗೆ ಅದು ಯಾವತ್ತೂ ಸಿಕ್ಕಿರಲಿಲ್ಲ. ಸಿಕ್ಕಿಲ್ಲ ಎಂಬುದು ನಮಗೆ ಯಾರಿಗೂ ಹೊಳೆದಿರಲೂ ಇಲ್ಲ.

ಅವರು ಬರುವುದು ಜ್ವರಕ್ಕೆ

ಅಂಗವಿಕಲರ ಆರೋಗ್ಯ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ನಿಲ್ಲುವುದು ಕೃತಕ ಕಾಲು, ಶ್ರವಣಯಂತ್ರ, ವೀಲ್‌ಚೇರ್ ಹಂಚುವ ಶಿಬಿರ. ಅವೆಲ್ಲ ಬೇಕೇ ಬೇಕು. ಆದರೆ ಕಾಲಿಲ್ಲದವರಿಗೂ ಹಲ್ಲು ಹುಳುಕಾಗುತ್ತದೆ. ಕಣ್ಣು ಕಾಣದವರಿಗೂ ಸಕ್ಕರೆ ಕಾಯಿಲೆ ಬರುತ್ತದೆ. ಕಿವಿ ಕೇಳದವರೂ ಬಸಿರಾಗುತ್ತಾರೆ. ವೀಲ್‌ಚೇರಿನಲ್ಲಿ ಕೂತ ಹೆಂಗಸಿನ ಎದೆಯಲ್ಲೂ ಗಂಟು ಕಾಣಿಸಿಕೊಳ್ಳುತ್ತದೆ. ಅಂಗವಿಕಲರು ಡಾಕ್ಟರ ಬಾಗಿಲಿಗೆ ಬರುವುದು ಬಹುಪಾಲು ಸಲ ನಾವೆಲ್ಲ ಹೋಗುವ ಕಾರಣಕ್ಕೇ. ಅವರ ವೈಕಲ್ಯಕ್ಕೆ ಮದ್ದು ಕೇಳಿಕೊಂಡಲ್ಲ.

2011ರ ಜನಗಣತಿಯಲ್ಲಿ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರು ಲೆಕ್ಕಕ್ಕೆ ಸಿಕ್ಕಿದ್ದರು. ಆಗ ಜಾರಿಯಲ್ಲಿದ್ದ 1995ರ ಅಂಗವಿಕಲರ ಕಾಯ್ದೆ ಗುರುತಿಸುತ್ತಿದ್ದದ್ದು ಏಳು ಬಗೆಯ ವೈಕಲ್ಯಗಳನ್ನು. ಅದರ ಜಾಗಕ್ಕೆ ಬಂದ 2016ರ ಕಾಯ್ದೆ 21 ಬಗೆಯನ್ನು ಗುರುತಿಸುತ್ತದೆ. ಆಟಿಸಂ, ಪಾರ್ಕಿನ್ಸನ್, ಕುಡುಗೋಲು ಕಣ ರಕ್ತಹೀನತೆ, ಆಸಿಡ್ ದಾಳಿಯ ಗಾಯ ಎಲ್ಲವೂ ಅದರಲ್ಲಿ ಸೇರಿವೆ. ಹಾಗಾಗಿ ಇಂದು ಎಣಿಸಿದರೆ ಸಂಖ್ಯೆ ಹಳೆಯ ಅಂಕಿಯಲ್ಲಿ ನಿಲ್ಲಲಾರದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ 130 ಕೋಟಿ ಜನರಿಗೆ, ಎಂದರೆ ಆರು ಜನರಲ್ಲಿ ಒಬ್ಬರಿಗೆ, ಗಣನೀಯ ವೈಕಲ್ಯವಿದೆ. ಅವರಲ್ಲಿ ಕೆಲವರು ಉಳಿದವರಿಗಿಂತ 20 ವರ್ಷದಷ್ಟು ಮೊದಲೇ ಸಾಯುತ್ತಾರೆ ಎಂದೂ ಆ ವರದಿ ಹೇಳಿತು. ಅದಕ್ಕೆ ದೇಹದ ಊನವೊಂದೇ ಕಾರಣವಲ್ಲ, ಚಿಕಿತ್ಸೆಗೆ ಅಡ್ಡ ನಿಂತ ಅನ್ಯಾಯಗಳೂ ಕಾರಣ ಎಂದಿತು.

ನಮ್ಮಲ್ಲಿ ಇದರ ಬಿಸಿ ಈಗ ಹೆಚ್ಚು ತಟ್ಟುತ್ತಿರುವುದು ಚಿಕ್ಕಮ್ಮನ ತಲೆಮಾರಿಗೆ. ಭಾರತದಲ್ಲಿ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರಲ್ಲಿ ದೇಶ ಪೋಲಿಯೊಮುಕ್ತ ಎಂದು ಘೋಷಣೆಯಾಯಿತು. ಎರಡು ಹನಿಯ ಗೆಲುವನ್ನು ಸಂಭ್ರಮಿಸಿದ ನಾವು, ಹನಿ ಬರುವ ಮೊದಲೇ ಕಾಲು ಕಳೆದುಕೊಂಡಿದ್ದವರನ್ನು ಮರೆತೆವು. ಅವರೀಗ ಐವತ್ತು, ಅರವತ್ತು ದಾಟುತ್ತಿದ್ದಾರೆ. ಇಷ್ಟು ವರ್ಷ ಕಾಲಿನ ಕೆಲಸವನ್ನೂ ತಾವೇ ಮಾಡಿದ ಭುಜಗಳು ಸವೆದಿವೆ. ಬಿಪಿ, ಸಕ್ಕರೆ ಬಂದಿವೆ. ತಿಂಗಳಿಗೊಮ್ಮೆ ಡಾಕ್ಟರನ್ನು ನೋಡಲೇಬೇಕಾದ ವಯಸ್ಸು ಬಂದಾಗಲೇ ಮೆಟ್ಟಿಲು ಹತ್ತುವ ಶಕ್ತಿ ಉಡುಗಿದೆ.

ಕಾಯ್ದೆ ಏನು ಹೇಳುತ್ತದೆ

ಕಾಯ್ದೆಯಲ್ಲಿ ಕೊರತೆಯಿಲ್ಲ. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲೇ ಒಪ್ಪಿ ಅನುಮೋದಿಸಿತು. ಅದರ ಆಧಾರದ ಮೇಲೆ ಬಂದ 2016ರ ಕಾಯ್ದೆಯ 25ನೇ ಸೆಕ್ಷನ್ನು ಸರ್ಕಾರಿ ಆಸ್ಪತ್ರೆಗಳ ಜೊತೆಗೆ ಖಾಸಗಿ ಆಸ್ಪತ್ರೆಗಳನ್ನೂ ಹೆಸರಿಸಿ ಹೇಳುತ್ತದೆ: ಅವುಗಳ ಎಲ್ಲ ಭಾಗಗಳಿಗೂ ಅಡೆತಡೆಯಿಲ್ಲದೆ ಹೋಗುವಂತಿರಬೇಕು, ಅಂಗವಿಕಲರನ್ನು ಆದ್ಯತೆಯ ಮೇಲೆ ನೋಡಿ ಚಿಕಿತ್ಸೆ ಕೊಡಬೇಕು. 'ಎಲ್ಲ ಭಾಗ' ಎಂಬ ಮಾತನ್ನು ಗಮನಿಸಬೇಕು. ಬಾಗಿಲಲ್ಲಿ ಒಂದು ಇಳಿಜಾರು ಕಟ್ಟಿ, ಎಕ್ಸ್‌ರೇ ಕೋಣೆಯನ್ನು ಎರಡನೇ ಮಹಡಿಯಲ್ಲಿ ಇಟ್ಟರೆ ಅದು ಕಾಯ್ದೆಯ ಪಾಲನೆಯಾಗದು. ನಿಯಮಕ್ಕೆ ಹೊಂದದ ನಕ್ಷೆಯ ಕಟ್ಟಡಕ್ಕೆ ಅನುಮತಿ ಕೊಡಕೂಡದು ಎಂದು 44ನೇ ಸೆಕ್ಷನ್ನು ಹೇಳಿದರೆ, ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಬಂದ ಐದು ವರ್ಷದೊಳಗೆ ಸರಿಪಡಿಸಬೇಕು ಎಂದು 45ನೇ ಸೆಕ್ಷನ್ನು ಹೇಳುತ್ತದೆ. ನಿಯಮಗಳು ಬಂದದ್ದು 2017ರ ಜೂನಿನಲ್ಲಿ. ಆ ಐದು ವರ್ಷ 2022ರಲ್ಲೇ ಮುಗಿದುಹೋಯಿತು.

ಯಾಕೆ ಏನೂ ಅಲುಗಲಿಲ್ಲ ಎಂಬುದಕ್ಕೆ ಒಂದು ಉತ್ತರ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟಿನಿಂದ ಬಂತು. ದೃಷ್ಟಿದೋಷವಿರುವ ರಾಜೀವ್ ರತೂರಿ 2005ರಲ್ಲಿ ಹೂಡಿದ್ದ ಅರ್ಜಿ ಅದು. ಎರಡು ದಶಕ ನಡೆದ ಮೊಕದ್ದಮೆ. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ, ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ಅಂಗವೈಕಲ್ಯ ಅಧ್ಯಯನ ಕೇಂದ್ರದ ವರದಿಯನ್ನು ಮುಂದಿಟ್ಟುಕೊಂಡು ನೋಡಿದಾಗ ಕಂಡದ್ದು ಇಷ್ಟು: ಕಾಯ್ದೆ 'ಮಾಡಲೇಬೇಕು' ಎನ್ನುತ್ತದೆ, ಅದರ ಕೆಳಗೆ ಬರೆದ 15ನೇ ನಿಯಮ ಮಾತ್ರ ಬರೀ ಶಿಫಾರಸುಗಳ ಕಡೆಗೆ ಕೈ ತೋರಿಸುತ್ತದೆ. ಹೀಗಿರುವ ನಿಯಮ ಕಾಯ್ದೆಗೇ ವಿರುದ್ಧ ಎಂದು ಕೋರ್ಟು ಅದನ್ನು ತಳ್ಳಿಹಾಕಿ, ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ರೂಪಿಸಿ ಎಂದು ಕೇಂದ್ರ ಸರ್ಕಾರಕ್ಕೆ ಹೇಳಿತು. ಇದು ಬರೀ ಪದದ ಜಗಳ ಎನಿಸಬಹುದು. ಆದರೆ ತಾಲ್ಲೂಕಿನ ಎಂಜಿನಿಯರೊಬ್ಬರು ನಕ್ಷೆಗೆ ಸಹಿ ಹಾಕುವಾಗ 'ಬೇಕು' ಮತ್ತು 'ಇದ್ದರೆ ಒಳ್ಳೆಯದು' ಎಂಬೆರಡರ ನಡುವೆ ಒಂದು ಕಟ್ಟಡದ ಹಣೆಬರಹವೇ ತೀರ್ಮಾನವಾಗುತ್ತದೆ.

ಒಂದಕ್ಕೆ ಹನ್ನೆರಡು

ಇಳಿಜಾರಿನ ಲೆಕ್ಕ ಎಲ್ಲ ಮೇಸ್ತ್ರಿಗಳಿಗೂ ಗೊತ್ತಿರಬೇಕಾದದ್ದು. ಒಂದು ಅಡಿ ಎತ್ತರಕ್ಕೆ ಏರಲು ಹನ್ನೆರಡು ಅಡಿ ಉದ್ದ ಬೇಕು. ನಮ್ಮ ಊರುಗಳ ಕ್ಲಿನಿಕ್ಕಿನ ಮುಂದೆ ಸಾಮಾನ್ಯವಾಗಿ ಆರಾರು ಇಂಚಿನ ನಾಲ್ಕು ಮೆಟ್ಟಿಲಿರುತ್ತವೆ. ಅಂದರೆ ಎರಡು ಅಡಿ. ಅದಕ್ಕೆ ಇಪ್ಪತ್ತನಾಲ್ಕು ಅಡಿ ಉದ್ದದ ಇಳಿಜಾರು ಬೇಕು. ಮೇಲೆ ಬಾಗಿಲ ಮುಂದೆ ವೀಲ್‌ಚೇರ್ ತಿರುಗಿಸಲು ಐದಡಿಯ ಸಮತಟ್ಟು ಜಾಗ ಬೇರೆ. ಮೂವತ್ತು–ನಲವತ್ತರ ಸೈಟಿನಲ್ಲಿ, ರಸ್ತೆಯ ಅಂಚಿಗೇ ಕಟ್ಟಿದ ಮನೆಯ ಮುಂದಿನ ಕೋಣೆಯಲ್ಲಿ ನಡೆಯುವ ಕ್ಲಿನಿಕ್ಕಿಗೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಆಗ ಮೇಸ್ತ್ರಿ ಮಾಡುವ ಕೆಲಸ ನಾವೆಲ್ಲ ನೋಡಿರುವುದೇ. ಮೆಟ್ಟಿಲಿನ ಪಕ್ಕದಲ್ಲಿ ಆರಡಿಯ ಒಂದು ಜಾರುಬಂಡೆ ಕಟ್ಟಿ, ಅದಕ್ಕೆ ಹೊಳೆಯುವ ಟೈಲ್ಸ್ ಹಾಕುತ್ತಾನೆ. ಅದರಲ್ಲಿ ವೀಲ್‌ಚೇರ್ ಹತ್ತಿಸಲು ಇಬ್ಬರು ಗಟ್ಟಿಗರು ಬೇಕು, ಇಳಿಸಲು ದೇವರೇ ಬೇಕು. ಮಳೆ ಬಂದರೆ ಊರುಗೋಲಿನವರು ಅದರ ಹತ್ತಿರವೂ ಸುಳಿಯಲಾರರು. ಕೊನೆಗೆ ಅದರ ಮೇಲೆ ಬೈಕು ನಿಲ್ಲುತ್ತದೆ.

ಇಳಿಜಾರು ಇದೆ ಎಂದು ಫಾರಂನಲ್ಲಿ ಟಿಕ್ ಹಾಕುವವರು ಒಂದು ಸಲ ವೀಲ್‌ಚೇರಿನಲ್ಲಿ ಕೂತು ಅದನ್ನು ಹತ್ತಿ ನೋಡಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಟೇಪಿನ ಅಳತೆಗೆ ಸಿಗದ ಎಷ್ಟೋ ಸಂಗತಿ ಆಗ ಮೈಗೆ ತಟ್ಟುತ್ತವೆ. ಬಾಗಿಲಿನ ಅಗಲವನ್ನೇ ನೋಡಿ. ಸಾಧಾರಣ ವೀಲ್‌ಚೇರಿನ ಅಗಲ ಎರಡೂಕಾಲು ಅಡಿ ಇರುತ್ತದೆ. ಎರಡೂವರೆ ಅಡಿಯ ಶೌಚಾಲಯದ ಬಾಗಿಲಿಗೆ ಚೌಕಟ್ಟು, ಚಿಲಕ, ಪೂರ್ತಿ ತೆರೆಯದ ಕದ ಎಲ್ಲವೂ ಸೇರಿದಾಗ ಗಾಲಿ ತಳ್ಳುವ ಕೈಯ ಗೆಣ್ಣು ತರಚದೆ ಒಳಗೆ ಹೋಗಲಾಗದು. ಮಾನದಂಡ ಮೂರಡಿ ಕೇಳುವುದು ಅದಕ್ಕೇ. ಇನ್ನು ಅಂಗವಿಕಲರ ಶೌಚಾಲಯ ಎಂದು ಬೋರ್ಡು ಹಾಕಿದ ಕೋಣೆಗೆ ಬೀಗ, ಬೀಗದ ಕೈ ಯಾರ ಹತ್ತಿರವೋ, ಒಳಗೆ ಬ್ಲೀಚಿಂಗ್ ಪೌಡರ್ ಚೀಲ ಮತ್ತು ಮುರಿದ ಕುರ್ಚಿ. ಇದನ್ನು ನೋಡಿದ ಮೇಲೆ ಅಂಗವಿಕಲ ಹೆಂಗಸರು ಆಸ್ಪತ್ರೆಗೆ ಹೊರಡುವ ದಿನ ಬೆಳಗಿನಿಂದ ನೀರೇ ಕುಡಿಯುವುದಿಲ್ಲ ಎಂಬ ಮಾತು ನನಗೆ ಅರ್ಥವಾಯಿತು. ಚಿಕ್ಕಮ್ಮನೂ ಕುಡಿಯುತ್ತಿರಲಿಲ್ಲ. ಮೂತ್ರದ ಸೋಂಕಿಗೆ ನೀರು ಕುಡಿಯದಿರುವುದೂ ಒಂದು ದಾರಿ ಮಾಡಿಕೊಡುತ್ತದೆ.

ಜಾಗವಿಲ್ಲದ ಕ್ಲಿನಿಕ್ಕು ಏನು ಮಾಡಬೇಕು? ಇಳಿಜಾರನ್ನು ಗೋಡೆಗುಂಟ ಮಡಚಿ ಕಟ್ಟಬಹುದು. ಒಂದೆರಡು ಮೆಟ್ಟಿಲಿದ್ದರೆ ಬೇಕಾದಾಗ ಹಾಸಿ ಮಡಚಿಡುವ ಲೋಹದ ಹಲಗೆ ಸಿಗುತ್ತದೆ. ಯಾವುದೂ ಆಗದಿದ್ದರೆ ನೆಲಮಹಡಿಯಲ್ಲಿ ಒಂದು ಚಿಕ್ಕ ಕೋಣೆಯನ್ನು, ಬಾಗಿಲಿರುವ ಕೋಣೆಯನ್ನು, ಗೊತ್ತುಮಾಡಿಕೊಂಡು ಅಲ್ಲಿ ನೋಡಬಹುದು. ಡಾಕ್ಟರು ಇಳಿದು ಬರುವುದು ತಪ್ಪಲ್ಲ. ಇಳಿದು ಬಂದು ಬೀದಿಯಲ್ಲಿ ನಿಲ್ಲಬೇಕಾಗಿ ಬರುವುದು ತಪ್ಪು. ಖಾಸಗಿ ಕ್ಲಿನಿಕ್ಕುಗಳೆಲ್ಲ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಲೇಬೇಕು. ಆ ನೋಂದಣಿಯ ಹೊತ್ತಿನಲ್ಲಿ ಈ ಒಂದು ಪ್ರಶ್ನೆಯನ್ನು ಸ್ಥಳಕ್ಕೇ ಬಂದು ಕೇಳಿದರೆ ಅರ್ಧ ಕೆಲಸ ಆದಂತೆ.

ಮಂಚದ ಎತ್ತರ, ಮೈಯ ತೂಕ

ಒಳಗೆ ಹೋದ ಮೇಲೆ ಮಂಚ. ತಪಾಸಣೆಯ ಮಂಚವನ್ನು ಮಾಡಿರುವುದು ನಿಂತುಕೊಂಡು ನೋಡುವ ಡಾಕ್ಟರ ಸೊಂಟಕ್ಕೆ ಅನುಕೂಲವಾಗುವಂತೆ. ಎರಡೂವರೆ ಅಡಿಗೂ ಮೇಲೆ. ವೀಲ್‌ಚೇರಿನ ಸೀಟಿನ ಎತ್ತರ ಒಂದೂವರೆ ಅಡಿ ಚಿಲ್ಲರೆ. ಆ ಒಂದಡಿಯ ಅಂತರವನ್ನು ದಾಟಿಸಲು ಯಾರಾದರೂ ಎತ್ತಬೇಕು. ಎತ್ತುವವರು ಸಿಗದಿದ್ದರೆ, 'ಪರವಾಗಿಲ್ಲ, ಕೂತಲ್ಲೇ ನೋಡೋಣ' ಎಂಬ ಮಾತು ಬರುತ್ತದೆ. ಕೂತಲ್ಲೇ ಹೊಟ್ಟೆ ಒತ್ತಿ ನೋಡುವುದು ಕಷ್ಟ. ಸ್ತ್ರೀರೋಗದ ತಪಾಸಣೆ ಆಗುವುದೇ ಇಲ್ಲ. ಬೆನ್ನಹುರಿಗೆ ಪೆಟ್ಟಾಗಿ ಸ್ಪರ್ಶ ತಿಳಿಯದವರ ಸೊಂಟದ ಕೆಳಗಿನ ಬೆಡ್‌ಸೋರ್ ಯಾರ ಕಣ್ಣಿಗೂ ಬೀಳುವುದಿಲ್ಲ. ಅಮೆರಿಕದಲ್ಲಿ 2024ರಲ್ಲಿ ಬಂದ ಮಾನದಂಡ, ಹತ್ತಿ ಕೂರುವ ತಪಾಸಣೆ ಮಂಚ 17 ಇಂಚಿನಷ್ಟು ಕೆಳಕ್ಕೆ ಇಳಿಯುವಂತಿರಬೇಕು ಎಂದು ಗೊತ್ತುಮಾಡಿತು. ನಮ್ಮ ಮಟ್ಟಿಗೆ ಯಂತ್ರದ ಮಂಚವೇ ಆಗಬೇಕೆಂದಿಲ್ಲ. ಊರಿನ ಬಡಗಿಯ ಕೈಯಲ್ಲಿ ಒಂದೂವರೆ ಅಡಿ ಎತ್ತರದ ಗಟ್ಟಿ ಮಂಚ ಮಾಡಿಸಿ ಮೂಲೆಯಲ್ಲಿ ಹಾಕಿದರೂ ಸಾಕು. ಮಂಡಿನೋವಿನ ಅಜ್ಜಿಯರೂ, ಬಸುರಿಯರೂ ಅದನ್ನೇ ಹುಡುಕಿಕೊಂಡು ಹೋಗಿ ಮಲಗುತ್ತಾರೆ.

ತೂಕದ ವಿಷಯಕ್ಕೆ ಬಂದರೆ ಇನ್ನೂ ಬೇಸರದ ಕತೆ. ನಿಲ್ಲಲಾರದವರನ್ನು ಯಾರೂ ತೂಗುವುದೇ ಇಲ್ಲ. ನೋಡಿ ಅಂದಾಜಿನಲ್ಲಿ ಬರೆಯುತ್ತಾರೆ. ಆದರೆ ಕ್ಷಯರೋಗಕ್ಕೆ ದಿನಕ್ಕೆ ಎಷ್ಟು ಮಾತ್ರೆ ಎಂಬುದು ತೂಕದ ಮೇಲೆಯೇ ನಿಂತಿದೆ. ಬಸುರಿಯ ತೂಕ ಏರುತ್ತಿದೆಯೇ ಎಂದು ತಿಂಗಳು ತಿಂಗಳೂ ನೋಡಬೇಕು. 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಕೆಲವು ವೈದ್ಯರು, ವೀಲ್‌ಚೇರಿನ ರೋಗಿಗಳನ್ನು ತೂಕಕ್ಕಾಗಿ ಧಾನ್ಯದ ಗೋದಾಮಿಗೆ, ದನ ತೂಗುವ ಕಡೆಗೆ, ಮೃಗಾಲಯಕ್ಕೆ ಕಳಿಸಿದ್ದನ್ನು ಬಾಯಿಬಿಟ್ಟು ಹೇಳಿದರು. ಓದುತ್ತ ಮೈ ನಡುಗಿತು. ಅಷ್ಟು ದೊಡ್ಡ ದೇಶದಲ್ಲೂ ಹೀಗೇ. ಅಗಲವಾದ ಪ್ಲಾಟ್‌ಫಾರಂ ತಕ್ಕಡಿಯೊಂದನ್ನು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ನೆಲಕ್ಕೆ ಸಮನಾಗಿ ಇಟ್ಟರೆ, ಕುರ್ಚಿ ಸಮೇತ ತೂಗಿ ಕುರ್ಚಿಯ ತೂಕ ಕಳೆದರೆ ಮುಗಿಯಿತು.

ಆ ಅಧ್ಯಯನ ಮಾಡಿದವರಲ್ಲಿ ಒಬ್ಬರು ಹಾರ್ವರ್ಡಿನ ಲೀಸಾ ಅಯಝೋನಿ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಿಂದಾಗಿ ಅವರೂ ವೀಲ್‌ಚೇರಿನಲ್ಲೇ ಓಡಾಡುವವರು. ಅದರ ಹಿಂದಿನ ವರ್ಷ ಅವರ ತಂಡ 714 ವೈದ್ಯರನ್ನು ಪ್ರಶ್ನಿಸಿತ್ತು. ತೀವ್ರ ವೈಕಲ್ಯವಿರುವವರ ಬದುಕಿನ ಗುಣಮಟ್ಟ ಬೇರೆಯವರಿಗಿಂತ ಕೆಟ್ಟದ್ದು ಎಂದು ನಂಬಿದ್ದವರು ಶೇ 82.4. ಉಳಿದವರಷ್ಟೇ ಚೆನ್ನಾಗಿ ಅವರಿಗೂ ಚಿಕಿತ್ಸೆ ಕೊಡಬಲ್ಲೆ ಎಂಬ ಗಟ್ಟಿ ಧೈರ್ಯವಿದ್ದವರು ಶೇ 40.7 ಮಾತ್ರ. ಬದುಕೇ ಕೆಟ್ಟದ್ದು ಎಂದು ಒಳಗೊಳಗೇ ಅಂದುಕೊಂಡ ವೈದ್ಯರು ಆ ಬದುಕನ್ನು ಉಳಿಸಲು ಎಷ್ಟು ಹೆಣಗಾಡಿಯಾರು ಎಂಬ ಚಿಂತೆ ನನ್ನನ್ನು ಬಿಟ್ಟಿಲ್ಲ.

ನಮ್ಮ ಮಲೆನಾಡು, ಕರಾವಳಿಯಲ್ಲಿ ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದು ಬೆನ್ನಹುರಿ ಮುರಿದುಕೊಂಡವರಿದ್ದಾರೆ. ಪೆಟ್ಟು ಎದೆಮಟ್ಟಕ್ಕಿಂತ ಮೇಲಾಗಿದ್ದರೆ ಅವರಿಗೆ ಒಂದು ವಿಚಿತ್ರ ಅಪಾಯವಿರುತ್ತದೆ. ಮೂತ್ರಚೀಲ ತುಂಬಿದರೆ, ಕ್ಯಾಥೆಟರ್ ಮಡಚಿಕೊಂಡರೆ, ಮಲಬದ್ಧತೆಯಾದರೂ ಸಾಕು, ರಕ್ತದೊತ್ತಡ ಏಕಾಏಕಿ ಜಿಗಿಯುತ್ತದೆ. ತಲೆ ಸಿಡಿಯುತ್ತದೆ, ಮುಖ ಕೆಂಪೇರಿ ಬೆವರುತ್ತದೆ. ವೈದ್ಯರ ಭಾಷೆಯಲ್ಲಿ ಇದು ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ. ತಿಳಿದವರು ಮೊದಲು ರೋಗಿಯನ್ನು ನೆಟ್ಟಗೆ ಕೂರಿಸಿ ಕ್ಯಾಥೆಟರ್ ನೋಡುತ್ತಾರೆ. ತಿಳಿಯದವರು ಬಿಪಿ ಮಾತ್ರೆ ಕೊಟ್ಟು ಮಲಗಿಸುತ್ತಾರೆ. ಮಲಗಿಸಿದರೆ ಒತ್ತಡ ಇನ್ನೂ ಏರುತ್ತದೆ. ಇಲ್ಲಿ ಇಳಿಜಾರು, ಲಿಫ್ಟು ಯಾವುದೂ ಕಾಯುವುದಿಲ್ಲ. ಡ್ಯೂಟಿ ನರ್ಸಿನ ತಿಳಿವಳಿಕೆ ಕಾಯುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಹಾವು ಕಡಿತದ ಚಾರ್ಟಿನ ಪಕ್ಕದಲ್ಲಿ ಇದರದೂ ಒಂದು ಹಾಳೆ ಇರಬೇಕು.

ಕೂಗಿದ ಟೋಕನ್

ಮೆಟ್ಟಿಲೇ ಇಲ್ಲದ ಆಸ್ಪತ್ರೆಯಲ್ಲೂ ಹೊರಗೇ ಉಳಿಯುವವರಿದ್ದಾರೆ. ಕಾಂಪೌಂಡರ್ ಬಾಗಿಲಿಗೆ ಬಂದು "ಮೂವತ್ನಾಲ್ಕು!" ಎಂದು ಕೂಗಿದಾಗ ಕಿವಿ ಕೇಳದ ಹುಡುಗಿ ಬೆಂಚಿನ ಮೇಲೆ ಹಾಗೇ ಕೂತಿರುತ್ತಾಳೆ. ಮೂರು ಸಲ ಕೂಗಿ ಮೂವತ್ತೈದನ್ನು ಕರೆಯುತ್ತಾರೆ. ಅದರ ಬದಲು ಕೆಂಪು ಅಕ್ಷರದ ಡಿಸ್‌ಪ್ಲೇ ಹಾಕಿದರೆ, ಆಗ ಕಣ್ಣು ಕಾಣದವರು ಕೂತೇ ಇರುತ್ತಾರೆ. ಎರಡೂ ಬೇಕು ಎಂಬುದು ಇಷ್ಟು ಸರಳ.

ಕೋವಿಡ್ ಕಾಲದಲ್ಲಿ ಎಲ್ಲರ ಬಾಯಿಗೂ ಮಾಸ್ಕ್ ಬಂದಾಗ, ತುಟಿ ನೋಡಿ ಮಾತು ಹಿಡಿಯುತ್ತಿದ್ದವರಿಗೆ ಜಗತ್ತೇ ಮೂಕವಾಯಿತು. 'ಬರೆದು ತೋರಿಸಿದರೆ ಆಯಿತಲ್ಲ' ಎನ್ನುವವರಿದ್ದಾರೆ. ಹುಟ್ಟಿನಿಂದ ಕಿವಿ ಕೇಳದ ಎಷ್ಟೋ ಜನರಿಗೆ ಸನ್ನೆ ಭಾಷೆಯೇ ಮೊದಲ ಭಾಷೆ. ಕನ್ನಡ ಬರಹ ಅವರು ಕಷ್ಟಪಟ್ಟು ಕಲಿತ ಎರಡನೆಯದು; ಕಲಿಸುವ ಶಾಲೆ ಸಿಗದವರಿಗೆ ಅದೂ ಇಲ್ಲ. 'ಊಟಕ್ಕೆ ಮುಂಚೆ', 'ಊಟದ ನಂತರ' ಎಂದು ಬರೆದರೆ ತಲುಪುತ್ತದೆಂಬ ಭರವಸೆಯಿಲ್ಲ. ತಟ್ಟೆಯ ಚಿತ್ರ ಬರೆದು ಪಕ್ಕದಲ್ಲಿ ಮಾತ್ರೆಯ ಚುಕ್ಕೆ ಇಟ್ಟರೆ ತಲುಪುತ್ತದೆ. ದೆಹಲಿಯಲ್ಲಿ 2015ರಲ್ಲಿ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ ಆರಂಭವಾಯಿತು. 2018ರಲ್ಲಿ ಅದು 3,000 ಪದಗಳ ನಿಘಂಟನ್ನು ತಂದಿತು. ಅದರಲ್ಲಿ ವೈದ್ಯಕೀಯ ಪದಗಳೂ ಇವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಇಂಥ ಸಂಸ್ಥೆಯಿರುವ ರಾಜ್ಯದಲ್ಲಿ ಜಿಲ್ಲೆಗೊಬ್ಬ ಸನ್ನೆ ಭಾಷಾ ದುಭಾಷಿಯನ್ನು ವಿಡಿಯೊ ಕರೆಯಲ್ಲಿ ಸಿಗುವಂತೆ ಮಾಡುವುದು ಆಗದ ಕೆಲಸವಲ್ಲ. ಹೆರಿಗೆ ನೋವಿನಲ್ಲಿರುವ ಹೆಣ್ಣಿಗೆ 'ಈಗ ಮುಕ್ಕು', 'ಈಗ ಬೇಡ' ಎಂಬೆರಡು ಮಾತು ತಿಳಿಯದೆ ಹೋಗುವುದು ಎಂಥ ಒಂಟಿತನ.

ಕಣ್ಣು ಕಾಣದವರ ಪೇಚಾಟ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಶುರುವಾಗುತ್ತದೆ. ಬಿಪಿಯ ಮಾತ್ರೆ, ಸಕ್ಕರೆಯ ಮಾತ್ರೆ, ಎರಡರ ಪಟ್ಟಿಯೂ ಬೆರಳಿಗೆ ಒಂದೇ. ರಬ್ಬರ್‌ಬ್ಯಾಂಡ್ ಒಂದು ಸುತ್ತಿದರೆ ಬೆಳಗಿನದು, ಎರಡು ಸುತ್ತಿದರೆ ರಾತ್ರಿಯದು ಎಂಬಂಥ ಉಪಾಯಗಳನ್ನು ಅವರೇ ಕಂಡುಕೊಳ್ಳುತ್ತಾರೆ. ಔಷಧದ ಡಬ್ಬಿಯ ಮೇಲೆ ಹೆಸರು ಬ್ರೈಲ್‌ನಲ್ಲಿ ಇರಲೇಬೇಕೆಂದು ಯುರೋಪಿನ ಒಕ್ಕೂಟ 2004ರಲ್ಲೇ ನಿರ್ದೇಶನ ಹೊರಡಿಸಿತು. ನಮ್ಮಲ್ಲಿ 2023ರ ಆಗಸ್ಟಿನಿಂದ 300 ಬ್ರ್ಯಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಅದು ಬಂದದ್ದು ನಕಲಿ ಔಷಧ ತಡೆಯಲು. ಆದರೂ ಹೆಸರು, ಅವಧಿ ಮುಗಿಯುವ ದಿನಾಂಕ ಅದರೊಳಗೆ ಇರುವುದರಿಂದ, ಅದನ್ನು ಕನ್ನಡದಲ್ಲಿ ಓದಿ ಹೇಳುವಂತೆ ಮಾಡಿದರೆ ಮೊಬೈಲು ಹಿಡಿದ ಅಂಧರಿಗೆ ಎಷ್ಟೊಂದು ನೆಮ್ಮದಿ. ಅಲ್ಲಿಯವರೆಗೆ ಮೆಡಿಕಲ್ ಸ್ಟೋರಿನ ಹುಡುಗ ಪಟ್ಟಿಯ ಮೂಲೆಯನ್ನು ಬೇರೆ ಬೇರೆ ಆಕಾರಕ್ಕೆ ಕತ್ತರಿಸಿಕೊಟ್ಟರೂ ಉಪಕಾರವೇ. ಮಾತ್ರೆಯ ಹೆಸರಿರುವ ಭಾಗ ಮಾತ್ರ ಹಾಗೇ ಉಳಿಯಬೇಕು.

"ಇವ್ರಿಗೆ ಏನಾಗಿದೆ?"

ಅಂಗವಿಕಲರ ಜೊತೆ ಆಸ್ಪತ್ರೆಗೆ ಹೋದವರೆಲ್ಲ ಈ ಪ್ರಶ್ನೆ ಕೇಳಿಸಿಕೊಂಡಿರುತ್ತೀರಿ. ರೋಗಿ ಎದುರಿಗೇ ಇದ್ದರೂ ಡಾಕ್ಟರ ಕಣ್ಣು ಜೊತೆಗೆ ಬಂದವರ ಮೇಲೆ. ದೊಡ್ಡಾಸ್ಪತ್ರೆಯಲ್ಲಿ ನನ್ನನ್ನೂ ಹೀಗೇ ಕೇಳಿದರು. ನಾನು ಉತ್ತರ ಹೇಳುವಷ್ಟರಲ್ಲಿ ಚಿಕ್ಕಮ್ಮ, "ಕಾಲು ಸೋತಿರೋದು ಸಾರ್, ಬಾಯಲ್ಲ" ಎಂದರು.

ಬಾಯಿಯಲ್ಲಿ ಹೇಳಲಾರದವರೂ ಇದ್ದಾರೆ. ಬುದ್ಧಿಮಾಂದ್ಯತೆಯಿರುವ ಯುವಕ ಹೊಟ್ಟೆ ಹಿಡಿದುಕೊಂಡು ಅರಚಿದರೆ, ಅವನು ಇರುವುದೇ ಹಾಗೆ ಎಂದು ಎಲ್ಲರೂ ಕೈಬಿಡುತ್ತಾರೆ. ಅಪೆಂಡಿಕ್ಸ್ ಇರಬಹುದೆಂದು ಯೋಚಿಸುವವರು ಕಡಿಮೆ. ಕಾಯಿಲೆಯ ಲಕ್ಷಣವನ್ನೆಲ್ಲ ವೈಕಲ್ಯದ ತಲೆಗೆ ಕಟ್ಟುವ ಈ ರೂಢಿ ಪ್ರಾಣ ತೆಗೆಯುತ್ತದೆ. ಆಟಿಸಂ ಇರುವ ಮಗುವಿಗೆ ಗಿಜಿಗುಡುವ ಹಾಲ್‌ನಲ್ಲಿ ಎರಡು ಗಂಟೆ ಕಾಯುವುದು ಚಿತ್ರಹಿಂಸೆ. ಮೊದಲ ಟೋಕನ್ ಕೊಟ್ಟು, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನೋಡಿದರೆ ಮಗುವೂ ಉಳಿದ ರೋಗಿಗಳೂ ನೆಮ್ಮದಿಯಾಗಿರುತ್ತಾರೆ. ಕಾಯ್ದೆಯಲ್ಲಿರುವ ಆದ್ಯತೆ ಎಂಬ ಪದಕ್ಕೆ ಇಂಥ ಅರ್ಥ ಬರಬೇಕು. ಇನ್ನು ಅಂಗವಿಕಲ ಹೆಣ್ಣುಮಕ್ಕಳು ಬಸಿರಾಗಿ ಹೋದರೆ ಅಭಿನಂದನೆಯ ಬದಲು 'ಇದೆಲ್ಲ ಯಾಕೆ ಬೇಕಿತ್ತು' ಎಂಬ ನೋಟ. ಆ ನೋಟಕ್ಕೆ ಹೆದರಿ ಎರಡನೇ ಸಲ ಹೋಗದವರ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ.

ಕರ್ನಾಟಕದಲ್ಲಿ ಒಂದು ಅನುಕೂಲವಿದೆ. ಇಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಜನ ವಿಆರ್‌ಡಬ್ಲ್ಯು ಎಂದೇ ಕರೆಯುತ್ತಾರೆ. ತಾಲ್ಲೂಕಿನಲ್ಲಿ ಅವರ ಮೇಲೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಎಂದರೆ ಎಂಆರ್‌ಡಬ್ಲ್ಯು. ಇವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು. ಗೌರವಧನ ಅಷ್ಟಕ್ಕಷ್ಟೇ. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾರಿಗೆ ಯಾವ ಕಾರ್ಡು ಸಿಕ್ಕಿಲ್ಲ ಎಂಬುದು ಅವರ ಬಾಯಲ್ಲಿ ಇರುತ್ತದೆ. ಪಿಂಚಣಿಯ ಅರ್ಜಿ ತುಂಬಿಸಲು ಮಾತ್ರ ಅವರನ್ನು ಕರೆಯುವ ಬದಲು, ಆಶಾ ಕಾರ್ಯಕರ್ತೆಯ ಜೊತೆ ಕೂರಿಸಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ಒಮ್ಮೆ ಸುತ್ತಿಸಬೇಕು. ಎಲ್ಲಿ ತಡೆಯುತ್ತದೆ, ಎಲ್ಲಿ ಜಾರುತ್ತದೆ, ಯಾವ ಚಿಲಕ ಕೈಗೆ ಎಟುಕುವುದಿಲ್ಲ ಎಂದು ಅರ್ಧ ಗಂಟೆಯಲ್ಲಿ ಪಟ್ಟಿ ಮಾಡಿಕೊಡುತ್ತಾರೆ. ಪೋಲಿಯೊ ಬಾಧಿತೆ ಎನ್.ಎಸ್. ಹೇಮಾ 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆ ಎಪಿಡಿಯನ್ನು ಕಟ್ಟಿದರು. ಪೋಲಿಯೊದಿಂದಲೇ ಕೈಕಾಲು ಕಳೆದುಕೊಂಡ ಕೆ.ಎಸ್. ರಾಜಣ್ಣ ರಾಜ್ಯದ ಅಂಗವಿಕಲರ ಆಯುಕ್ತರಾಗಿ ಕೆಲಸ ಮಾಡಿದರು, 2024ರಲ್ಲಿ ಪದ್ಮಶ್ರೀ ಪಡೆದರು. ತಮ್ಮ ಕೆಲಸವನ್ನು ತಾವೇ ಮುಂದೆ ನಿಂತು ಮಾಡಿದವರ ಪರಂಪರೆ ಇಲ್ಲಿ ಹಳೆಯದು. ಆಸ್ಪತ್ರೆಯ ನಕ್ಷೆ ಬರೆಯುವ ಮೇಜಿನವರೆಗೆ ಮಾತ್ರ ಅವರನ್ನು ಯಾರೂ ಕರೆದಿಲ್ಲ.

ಚಿಕ್ಕಮ್ಮ ಆಸ್ಪತ್ರೆಯಿಂದ ಮನೆಗೆ ಬಂದು ಚೇತರಿಸಿಕೊಂಡ ಮೇಲೆ, ಒಂದು ದಿನ ನಮ್ಮ ಡಾಕ್ಟರಿಗೆ ಫೋನ್ ಮಾಡಿ ಆದದ್ದನ್ನೆಲ್ಲ ಹೇಳಿದರು. ಡಾಕ್ಟರು ಬಹಳ ಹೊತ್ತು ಮಾತಾಡಲಿಲ್ಲವಂತೆ. ಯುಗಾದಿ ಕಳೆದ ಮೇಲೆ ಅವರು ಷಾಪನ್ನು ಹಿಂದಿನ ಬೀದಿಯ ಒಂದು ಮನೆಯ ಮುಂಭಾಗಕ್ಕೆ ಬದಲಾಯಿಸಿದರು. ನೆಲಮಹಡಿ, ಆದರೂ ಬಾಗಿಲಲ್ಲಿ ಆರಿಂಚಿನ ಒಂದು ಮೆಟ್ಟಿಲು. ಮೇಸ್ತ್ರಿ ಮೂರಡಿಯ ಇಳಿಜಾರು ಕಟ್ಟಲು ದಾರ ಹಿಡಿದಿದ್ದ. ಚಿಕ್ಕಮ್ಮ ಸ್ಕೂಟರ್ ನಿಲ್ಲಿಸಿ ಕೂತಲ್ಲಿಂದಲೇ, "ಆರಿಂಚಿಗೆ ಆರಡಿ ಕಣಪ್ಪ, ಮೂರಡಿ ಸಾಲ್ದು. ಟೈಲ್ಸ್ ಬೇಡ, ಗೀರು ಹಾಕಿದ ಸಿಮೆಂಟೇ ಇರ್ಲಿ" ಎಂದರು. ಅವನು ಡಾಕ್ಟರ ಮುಖ ನೋಡಿದ. ಡಾಕ್ಟರು, "ಅಮ್ಮ ಹೇಳ್ದಂಗೆ ಮಾಡು" ಎಂದರು.

ಹೋದ ತಿಂಗಳು ಚಿಕ್ಕಮ್ಮನ ಜೊತೆ ನಾನೂ ಹೋಗಿದ್ದೆ. ಅವರ ಹೆಸರು ಕರೆದಾಗ ಅಭ್ಯಾಸಬಲದಿಂದ ಎದ್ದು ನಿಂತೆ. "ನೀನಿಲ್ಲೇ ಕೂತ್ಕೊ" ಎಂದು ಹೇಳಿ, ಊರುಗೋಲು ಊರಿಕೊಂಡು ಒಳಗೆ ಹೋಗಿ ಚಿಕ್ಕಮ್ಮ ಬಾಗಿಲು ಹಾಕಿಕೊಂಡರು.